ನೋಟ್‌ಬುಕ್ ಹರಿಯಲೊಪ್ಪದ ಅಕ್ಕನ ಕುರಿತು

ಮಾನ್ಯ ನಿರ್ದೇಶಕರೇ,

ನಮ್ಮ ಸಂಸ್ಥೆಯ ಕಾರಿಡಾರು ಒರೆಸುತ್ತಿದ್ದ ಅಕ್ಕನನ್ನು ನೀವು ಕೆಲಸದಿಂದ ತೆಗೆದಿದ್ದೀರಿ. ಆದೇಶದಲ್ಲಿರುವ ಕಾರಣ ಒಂದೇ ಸಾಲು: 'ಸೂಚನೆ ಪಾಲಿಸುವ ಮನೋಭಾವವಿಲ್ಲ.' ಈ ಜ್ಞಾನ ನಿಮಗೆ ದೊರೆತದ್ದು ನನ್ನ ಪ್ರಯೋಗದಿಂದ. ಆದ್ದರಿಂದ ಬರೆಯುತ್ತಿದ್ದೇನೆ.

ಜನ ಅಧಿಕಾರಕ್ಕೆ ಏಕೆ ತಲೆಬಾಗುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಅದರ ಮೇಲೆ ಯಾರೋ ಅಪರಿಚಿತರು ಮುತ್ತಿನಂಥ ಅಕ್ಷರಗಳಲ್ಲಿ ತುಂಬಿಸಿದ ನೋಟ್‌ಬುಕ್. ಬಿಳಿ ಕೋಟು ತೊಟ್ಟ ನನ್ನ ಸಹಪಾಠಿ, ಕಾರಣ ಹೇಳದೆ, ಒಂದೊಂದೇ ಹಾಳೆ ಹರಿಯಲು ಹೇಳುತ್ತಿದ್ದ. ನಲವತ್ತು ಜನರಲ್ಲಿ ಮೂವತ್ತೇಳು ಮಂದಿ ಕೊನೆಯ ಹಾಳೆಯವರೆಗೂ ಹರಿದರು. ಏಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮೇಲಿನವರು ಹೇಳಿದರು, ಮಾಡಿದೆವು. ಒಪ್ಪದ ಮೂವರಲ್ಲಿ ಅಕ್ಕ ಒಬ್ಬರು. ನೋಟ್‌ಬುಕ್ಕನ್ನು ಅಂಗೈಯಿಂದ ಸವರಿ ಮುಚ್ಚಿಟ್ಟರು.

"ಯಾರೋ ಕೂತು ಬರೆದಿದ್ದಾರೆ, ನಾನ್ಯಾಕೆ ಹರೀಲಿ? ಅಷ್ಟು ಬೇಕಿದ್ರೆ ನೀವೇ ಹರೀರಿ ಸಾರ್, ಕೈ ಇದೆಯಲ್ಲ."

ಹೆಸರು ಹೊರಬೀಳದೆಂದು ಅವರಿಗೆ ಮಾತು ಕೊಟ್ಟಿದ್ದೆ. ಪಟ್ಟಿ ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಬಳಿಯಿತ್ತು. ನೀವು ಬೆದರಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ, "ಆ ಮೂವರ ಹೆಸರು ಕೊಡಮ್ಮ" ಎಂದಿರಿ. ತರಗತಿಗೇ ಮೊದಲಿಗಳಾದ ನಾನು, ವಿಧೇಯತೆಯ ಅಪಾಯಗಳ ಬಗ್ಗೆ ನೂರೆಂಬತ್ತು ಪುಟ ಬರೆದ ನಾನು, "ಆಯ್ತು ಸಾರ್" ಎಂದು ಬೀರು ತೆರೆದೆ. ನಿಮಗೆ ಬಿಳಿ ಕೋಟೂ ಬೇಕಾಗಲಿಲ್ಲ.

ಮೂವರಲ್ಲಿ ಇಬ್ಬರು ಹೊರಗಿನವರು; ನಿಮ್ಮ ಕೈಗೆಟುಕುವವರು ಅಕ್ಕ ಒಬ್ಬರೇ ಆಗಿದ್ದರು. ನೆಲ ಒರೆಸಲು ಎಷ್ಟು ವಿಧೇಯತೆ ಬೇಕು, ಸ್ವಾಮಿ? ಹನ್ನೊಂದು ವರ್ಷ ಆ ನೆಲ ಕನ್ನಡಿಯಂತಿದ್ದುದು ಯಾರ ಸೂಚನೆಯಿಂದ? ಅದರ ಮೇಲೆ ನಡೆದುಹೋಗುವಾಗ ನೀವು ಒಮ್ಮೆಯಾದರೂ ಕೆಳಗೆ ನೋಡಿದ್ದುಂಟೇ?

ಮೊನ್ನೆ ಕ್ಷಮೆ ಕೇಳಲು ಅವರ ಮನೆಗೆ ಹೋಗಿದ್ದೆ. ಬೈಯಲಿಲ್ಲ. ಕೂರಲು ಇದ್ದ ಒಂದೇ ಕುರ್ಚಿಯನ್ನು ನನ್ನತ್ತ ಸರಿಸಿ, "ಬಿಡಮ್ಮ, ಮೇಲಿನವರು ಕೇಳಿದ್ರು, ನೀನ್ ಕೊಟ್ಟೆ. ನೀನೇನ್ ಮಾಡ್ತೀಯ" ಎಂದರು. ಮೂವತ್ತೇಳು ಮಂದಿಯ ಉತ್ತರವನ್ನು ಅವರೇ ನನ್ನ ಪರವಾಗಿ ಹೇಳಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬುದು ನನ್ನ ಆಗ್ರಹ. ನೀವು ಸೇರಿಸಿಕೊಳ್ಳುವುದಿಲ್ಲವೆಂದೂ ಬಲ್ಲೆ. ಆದೇಶವನ್ನು ಟೈಪು ಮಾಡಿದವರನ್ನು ಕೇಳಿದೆ, ಸಹಿ ಹಾಕಿದವರನ್ನು ಕೇಳಿದೆ. ಇಬ್ಬರೂ ಬೆರಳು ಮೇಲೆತ್ತಿ ನಿಮ್ಮ ಕೋಣೆಯತ್ತ ತೋರಿಸಿದರು. ನಿಮ್ಮನ್ನು ಕೇಳಿದರೆ ನೀವೂ ಇನ್ನೂ ಮೇಲಕ್ಕೆ ತೋರಿಸುವಿರಿ. ಕನಿಷ್ಠ ಪಕ್ಷ ನನ್ನ ಪ್ರಬಂಧದ ಅಂಕಿಯನ್ನಾದರೂ ತಿದ್ದಲು ಅನುಮತಿ ಕೊಡಿ. ನೋಡಿ, ಅದಕ್ಕೂ ಅನುಮತಿ ಕೇಳುತ್ತಿದ್ದೇನೆ.

ಇಂತಿ,
ಹಾಳೆ ಹರಿದವರಲ್ಲಿ ಮೂವತ್ತೆಂಟನೆಯವಳು