ನಮ್ಮ ನಲ್ಲಿ ಸಾಲಿನ ಮೊದಲ ಕಲ್ಲನ್ನು ಹಿಂತಿರುಗಿಸುವ ಬಗ್ಗೆ

ವಾರ್ಷಿಕ ಕಲಾ ಉತ್ಸವದ ಮಾನ್ಯ ಮುಖ್ಯ ಸಂಚಾಲಕರೇ,

ತಮ್ಮ ಉತ್ಸವದವರು ಉರಿಗಾಂನಲ್ಲಿ ನಮ್ಮ ಬೀದಿ ನಲ್ಲಿಯ ಮುಂದಿದ್ದ ಒಂದು ಮುರಿದ ರುಬ್ಬುಗುಂಡನ್ನು ಎತ್ತಿಕೊಂಡು ಹೋಗಿ, ಅದಕ್ಕೆ ದೀಪದ ಬೆಳಕು ಬಿಟ್ಟು, ಸುತ್ತ ಹಗ್ಗ ಕಟ್ಟಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದು ಕದಿರಮ್ಮನವರದು. ದಯವಿಟ್ಟು ವಾಪಸ್ ಕೊಡಿ. ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ತಮ್ಮ ಕಚೇರಿಗೆ ಬಂದು ಇದನ್ನೇ ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲವೂ ನನ್ನ ಕೈಗೆ ಕಾರ್ಯಕ್ರಮದ ಪಟ್ಟಿ ಕೊಟ್ಟು ಕಳಿಸಿದರು. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಕಲೆಯ ಶತ್ರುವಲ್ಲ. ಮೂರು ವರ್ಷಗಳಿಂದ ತಮ್ಮ ಉತ್ಸವದ ಒಳಗೇ ವಾಸವಾಗಿದ್ದೇನೆ. ಬಂಗಾರಪೇಟೆಯಿಂದ ಬರುವ ರೈಲಿನಲ್ಲಿ ಕ್ಯಾಮೆರಾ ಹೊತ್ತವರಿಗೆ ಸೀಟು ಬಿಟ್ಟು ನಿಂತಿದ್ದೇನೆ. ನಮ್ಮ ಗೋಡೆಯ ಮೇಲೆ ತಿಮಿಂಗಿಲ ಬರೆದಾಗ, ಸಮುದ್ರವೆಲ್ಲಿ ನಾವೆಲ್ಲಿ ಎಂದು ಕೇಳಲಿಲ್ಲ. ನಾನು ಹಗ್ಗದ ಮೇಲೆ ಒಣಹಾಕಿದ ಲಂಗಗಳನ್ನು ಒಬ್ಬರು ಕೈಕಟ್ಟಿಕೊಂಡು ಅರ್ಧ ಗಂಟೆ ನೋಡುತ್ತಾ ನಿಂತರು. ಅವರ ತಪಸ್ಸು ಕೆಡಬಾರದೆಂದು ಒಣಗಿದ ಮೇಲೂ ತೆಗೆಯಲಿಲ್ಲ. ಇಷ್ಟೆಲ್ಲ ಸಹಕಾರ ಕೊಟ್ಟವಳಿಗೆ ಒಂದು ಕಲ್ಲು ಕೇಳುವ ಹಕ್ಕಿಲ್ಲವೇ?

ಆ ಕಲ್ಲು ಏನೆಂದು ಹೇಳುತ್ತೇನೆ. ಬೇತಮಂಗಲ ಕೆರೆಯ ನೀರು ನಮ್ಮ ಲೈನಿಗೆ, ಅಂದರೆ ಗಣಿ ಕಾರ್ಮಿಕರ ಈ ಸಾಲುಮನೆಗಳಿಗೆ, ಗುರುವಾರ ಮಾತ್ರ ಬರುತ್ತದೆ, ಅದೂ ಒಂದು ಗಂಟೆ, ಯಾವ ಗಂಟೆಯೆಂದು ದೇವರಿಗೇ ಗೊತ್ತು. ಅಷ್ಟು ಹೊತ್ತು ಯಾರು ಸಾಲಿನಲ್ಲಿ ನಿಂತಾರು? ಅದಕ್ಕೆ ಬುಧವಾರವೇ ತಮ್ಮ ಬದಲಿಗೆ ಒಂದೊಂದು ವಸ್ತು ಇಡುತ್ತಾರೆ. ನನ್ನದು ಒಡೆದ ಬಕೆಟ್ಟು. ನೆರೆಮನೆಯ ಆಂಜಿನಪ್ಪನವರದು ತಳ ಹೋದ ಕುಕ್ಕರು. ಯಾವುದು ಯಾರದೆಂದು ಇಡೀ ಲೈನಿಗೆ ಗೊತ್ತು. ಅದನ್ನು ಸರಿಸುವುದೆಂದರೆ ಮನುಷ್ಯರನ್ನೇ ಕತ್ತು ಹಿಡಿದು ಆಚೆ ತಳ್ಳಿದ ಹಾಗೆ. ನಮ್ಮ ವಸ್ತುಗಳೆಲ್ಲ ವಾರವಾರ ಹಿಂದೆ ಮುಂದೆ ಆಗುತ್ತವೆ. ಮೂಲೆಯಲ್ಲಿ ಇಡ್ಲಿ ಮಾರಿ ಬದುಕುವ ಕದಿರಮ್ಮನ ಕಲ್ಲು ಮಾತ್ರ ಯಾವತ್ತೂ ಮೊದಲು. ಅವರ ಗಂಡ ಗಣಿಯೊಳಗೆ ತೀರಿಕೊಂಡ ವರ್ಷ, ಕೈಗೂಸನ್ನು ಎತ್ತಿಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದವರನ್ನು ಲೈನಿನ ಹೆಂಗಸರು ಮುಂದಕ್ಕೆ ಕರೆದು, "ಇನ್ಮೇಲೆ ನಿನ್ ಕಲ್ಲೇ ಮೊದ್ಲು" ಅಂದರು. ಗಣಿ ಮುಚ್ಚಿತು, ಆ ಹೆಂಗಸರಲ್ಲಿ ಅರ್ಧ ಜನ ಈಗಿಲ್ಲ, ಮಾತು ಮಾತ್ರ ನಡೆದುಕೊಂಡು ಬಂದಿದೆ. ಇದಕ್ಕೆ ಆದೇಶವಿಲ್ಲ, ಕಡತವಿಲ್ಲ. ಇದ್ದದ್ದು ಕಲ್ಲೊಂದೇ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ತಮ್ಮ ಕಲಾವಿದರು, ಪಾಪ ಒಳ್ಳೆಯ ಮನುಷ್ಯ, ಬುಧವಾರ ಬಂದು ಈ ಸಾಲನ್ನು ನೋಡಿ ಬೆರಗಾದರು. ನಾನೇ ಟೀ ಕೊಟ್ಟು, ಒಂದೊಂದು ವಸ್ತುವಿನ ಕತೆಯನ್ನೂ ಹೇಳಿದೆ. "ಇದನ್ನೆಲ್ಲ ಇದೇ ಸಾಲಿನಲ್ಲಿ ಹಾಲ್‌ಗೆ ಸಾಗಿಸುತ್ತೇವೆ, ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ" ಅಂದರು. ಸಾಲು ಎಲ್ಲಿಗೋ ನೀರು ಅಲ್ಲಿಗೆ ಎಂಬುದು ನಮ್ಮ ಬುದ್ಧಿ. ಸರಕಾರಿ ವ್ಯಾನು ಬಂದು ಸಾಲನ್ನೇ ಹೊತ್ತುಕೊಂಡು ಹೋಗುತ್ತದೆಂದರೆ ಅಲ್ಲಿ ಹೊಸ ನಲ್ಲಿಯೋ ಟ್ಯಾಂಕರೋ ಬಂದಿರಬೇಕಲ್ಲವೇ? ಆಂಜಿನಪ್ಪನವರು ತಾವೇ ಕೈ ಕೊಟ್ಟು ಕಲ್ಲನ್ನು ವ್ಯಾನಿಗೆ ಏರಿಸಿದರು. "ಜ್ವಾಪಾನ ಕಣ್ರಪ್ಪ, ಅದು ಮೊದ್ಲುನ್ ಕಲ್ಲು, ಇಂದಕ್ ಆಕ್ಬುಟ್ಟೀರ" ಎಂದು ಬುದ್ಧಿವಾದವನ್ನೂ ಹೇಳಿದರು.

ಗುರುವಾರ ಬೆಳಿಗ್ಗೆ ಹದಿನೇಳು ಮಂದಿ ಖಾಲಿ ಕೊಡ ಹಿಡಿದು ತಮ್ಮ ಉತ್ಸವದ ಹಾಲ್‌ಗೆ ಬಂದೆವು. ಸಾಲು ಕೆಟ್ಟಿರಲಿಲ್ಲ, ಅದಕ್ಕೆ ತಮ್ಮವರಿಗೆ ಧನ್ಯವಾದ. ಪ್ರತಿಯೊಬ್ಬರೂ ತಮ್ಮ ತಮ್ಮ ವಸ್ತುವಿನ ಹಿಂದೆ ಕೂತೆವು. ಜನ ಫೋಟೊ ತೆಗೆದರು. ತಾವು ಮೈಕ್ ಹಿಡಿದು ಸ್ಥಳೀಯ ಸಮುದಾಯದ ಸೃಜನಶೀಲ ಸಹಭಾಗಿತ್ವ ಎಂದು ಏನೋ ಹೇಳುತ್ತಿದ್ದಿರಿ. ಕದಿರಮ್ಮ ಎದ್ದು ನಿಂತು, "ಅದೆಲ್ಲ ಇರ್ಲಿ ಸಾಮಿ, ನೀರ್ ಎಷ್ಟೊತ್ಗೆ ಬಿಡ್ತೀರ? ಅಕ್ಕಿ ನೆನೆ ಆಕ್ಬೇಕು" ಅಂದರು. ಅಬ್ಬಾ, ಎಂಥ ಚಪ್ಪಾಳೆ! ಒಬ್ಬರಂತೂ ಕಣ್ಣೊರೆಸಿಕೊಂಡರು. ಕದಿರಮ್ಮ ನನ್ನ ಕಡೆ ತಿರುಗಿ, "ಯಾಕಮ್ಮೀ ಇವ್ರು ಕೈ ತಟ್ತಾವ್ರೆ, ನೀರ್ ಬಂತಾ?" ಎಂದು ಕೇಳಿದರು. ಬಾಗಿಲಲ್ಲಿ ಅಂದಕ್ಕೆಂದು ಹೂವಿನ ದಳ ತೇಲಿಬಿಟ್ಟಿದ್ದ ಹಂಡೆಯನ್ನು ಅವರು ಆಗಲೇ ಕಣ್ಣಲ್ಲಿ ಅಳೆದಿದ್ದರು. ಎರಡು ಕೊಡ ಆಗುತ್ತದಂತೆ.

ಅಷ್ಟರಲ್ಲಿ, ಮಗುವಿಗೆ ಜ್ವರವೆಂದು ಮನೆಯಲ್ಲೇ ಉಳಿದಿದ್ದ ಆಂಜಿನಪ್ಪನವರ ಸೊಸೆ ಸುಕನ್ಯ ನನಗೆ ಫೋನ್ ಮಾಡಿದಳು. "ಅಕ್ಕಾ, ನೀರ್ ಇಲ್ಲೇ ಬಂದೈತೆ, ಎಲ್ರೂ ಓಡ್ ಬನ್ನಿ!" ಓಡಿದೆವು. ಅದಕ್ಕೂ ಚಪ್ಪಾಳೆ ಬಿತ್ತು. ನಲ್ಲಿಯ ಮುಂದೆ ವಸ್ತುಗಳಿಲ್ಲ, ಸಾಲಿಲ್ಲ. ಕಾಲು ಗಟ್ಟಿಯಿದ್ದವರೇ ಮೊದಲಿಗರು. ನಾನು ಮೂರನೆಯವಳಾಗಿ ಎರಡು ಕೊಡ ತುಂಬಿಸಿಕೊಂಡೆ. ಎಪ್ಪತ್ತೊಂದು ವರ್ಷದ ಕದಿರಮ್ಮ ಮಂಡಿ ಹಿಡಿದುಕೊಂಡು ಬರುವ ಹೊತ್ತಿಗೆ ನಲ್ಲಿಯಲ್ಲಿ ಬರೀ ಗಾಳಿ. ಅವರು ಯಾರನ್ನೂ ಬೈಯಲಿಲ್ಲ. ನಾಚಿಕೆಯಾಗಿ ನನ್ನದೊಂದು ಕೊಡ ಕೊಡಲು ಹೋದೆ. "ದಾನ ಬ್ಯಾಡ ಕಣಮ್ಮಿ, ನನ್ ಸರದಿ ನಂಗ್ ಕೊಡ್ರಿ ಸಾಕು" ಅಂದರು. ಮಾರನೆಯ ದಿನ ಮೂಲೆಯಲ್ಲಿ ಇಡ್ಲಿಯಿಲ್ಲ. ನಿನ್ನೆಯೂ ಇರಲಿಲ್ಲ.

ಕಲ್ಲಿಲ್ಲದಿದ್ದರೇನು, ಮುದುಕಿಯನ್ನು ನೀವೇ ಮುಂದೆ ಬಿಡಬಾರದಿತ್ತೇ ಎಂದು ತಾವು ಕೇಳಬಹುದು. ಕೇಳಿ, ಕೇಳಬೇಕಾದ ಮಾತೇ. ಸ್ವಾಮಿ, ನೀರು ಬಂದಾಗ ನಮಗೆ ಯಾರ ಮುಖವೂ ಕಾಣುವುದಿಲ್ಲ. ಅದು ಗೊತ್ತಿದ್ದೇ ಹಿಂದಿನವರು ಕಲ್ಲಿಗೆ ಒಪ್ಪಿದ್ದು. ತಮ್ಮ ಕಚೇರಿಯವರು ಅದೀಗ ಕೃತಿ ಸಂಖ್ಯೆ ಒಂದು, ಉತ್ಸವ ಮುಗಿದ ಮೇಲೆ ಬೆಂಗಳೂರಿಗೆ ಹೋಗುತ್ತದೆ, ಬೇಕಾದರೆ ಬೇರೆ ಕಲ್ಲು ಕೊಡುತ್ತೇವೆ ಎನ್ನುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಕಲ್ಲಿಗೆ ಬರವೇ? ಹೊಸ ಕಲ್ಲನ್ನೂ ಇಟ್ಟು ನೋಡಿದೆವು. ಹೊಸದಾಗಿ ಬಾಡಿಗೆಗೆ ಬಂದ ನಾಗೇಶ್, "ಇದ್ಯಾರ್ ಕಲ್ಲು? ಅಂಗಾದ್ರೆ ನಾನೂ ಒಂದ್ ಇಕ್ತೀನಿ" ಎಂದು ಅದರ ಮುಂದೆ ತನ್ನದೊಂದು ಇಟ್ಟ. ಅವನ ಮುಂದೆ ಇನ್ನೊಬ್ಬರು. ಈಗ ಕಲ್ಲುಗಳು ನಲ್ಲಿಯ ಬುಡಕ್ಕೇ ಬಂದು ನಿಂತು, ಕೊಡ ಇಡಲೂ ಜಾಗವಿಲ್ಲ.

ಆದ್ದರಿಂದ ಬರುವ ಬುಧವಾರ ಸಂಜೆಯೊಳಗೆ ಆ ಕಲ್ಲು ಅದರ ಜಾಗದಲ್ಲಿರಬೇಕು. ಉಳಿದ ಹದಿನಾರನ್ನೂ ಇಟ್ಟುಕೊಳ್ಳಿ, ನಮ್ಮ ತಕರಾರಿಲ್ಲ. ಕಲ್ಲು ಕೊಡಲು ಆಗುವುದೇ ಇಲ್ಲವೆಂದರೆ, ಗುರುವಾರ ಬೆಳಿಗ್ಗೆ ತಾವೇ ಬಂದು ಅದರ ಜಾಗದಲ್ಲಿ ಕೂರಬೇಕು. ಯಾರೂ ತಮ್ಮನ್ನು ಮುಟ್ಟದಂತೆ, ಸರಿಸದಂತೆ ನಾವು ನೋಡಿಕೊಳ್ಳುತ್ತೇವೆ. ನೀರು ಬಂದ ಕೂಡಲೇ ಎದ್ದು ಕದಿರಮ್ಮನಿಗೆ ಜಾಗ ಬಿಡಿ. ಅಷ್ಟು ಸಾಕು, ನಲವತ್ತು ವರ್ಷಗಳಿಂದ ಆ ಕಲ್ಲು ಮಾಡುತ್ತಿದ್ದದ್ದೂ ಅಷ್ಟೇ.

ಇಂತಿ,
ಕದಿರಮ್ಮನಿಗಿಂತ ಮುಂಚೆ ಎರಡು ಕೊಡ ನೀರು ಹಿಡಿದು, ಅವರೆದುರು ಇನ್ನೂ ತಲೆ ಎತ್ತಲಾಗದ
ಇಂದ್ರಾಣಿ
ಉರಿಗಾಂ