ಬೆನ್ನುಗರಿಯ ಬುಡದ ಧೂಳು

ಕ್ರಿ.ಶ. ೨೪೩೧, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ತಾರೀಕು

ಮಾನ್ಯ ಹಾಲಸ್ವಾಮಿಯವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ಹನ್ನೆರಡು ತಿಂಗಳಲ್ಲಿ ಕೆಲಸ ಮುಗಿಯದೆ ನಾವು ಇನ್ನೊಂದನ್ನು ಸೇರಿಸಿಕೊಂಡೆವು; ಕೆಲಸ ಈಗಲೂ ಮುಗಿಯುತ್ತಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಸರ್ಕಾರಿ ಸುತ್ತೋಲೆಗಳನ್ನು ಓದಿ ಕಲಿತದ್ದು. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮಕ್ಕೊಂದೇ ಹಾಳೆ. ಅರ್ಜಿ ಮಾತ್ರ ಮೂರು ಪ್ರತಿ.

ನಾಳೆ ನಿಮ್ಮ ಮ್ಯೂಸಿಯಂಗೆ ಮಂತ್ರಿಗಳು ಬರುತ್ತಾರೆ. ಗೇಟಿಗೆ ಬಣ್ಣವಾಗಿದೆ, ಹೂಕುಂಡಗಳು ಬಾಡಿಗೆಗೆ ಬಂದಿವೆ, ಮರಗಳ ಬುಡಕ್ಕೂ ಸುಣ್ಣ ಬಿದ್ದಿದೆ. ಉಳಿದಿರುವುದು ಹನ್ನೆರಡನೆಯ ಕಪಾಟಿನ ಕಲ್ಲೊಂದು. ಅದರ ಮುಂದೆ ನೀವು ಬ್ರಶ್ಶು, ಪಾಲಿಶು ಹಿಡಿದು ನಿಂತಿದ್ದೀರಿ.

ಆ ಕಲ್ಲಿನಲ್ಲಿರುವುದು ನಾವು ಬೆನ್ನುಗರಿ ಎನ್ನುವ ಪ್ರಾಣಿಯ ಪಳೆಯುಳಿಕೆ. ಓತಿಕ್ಯಾತದಷ್ಟು ಮೈ, ಬೆನ್ನ ಮೇಲೆ ಹಾಕಿ ಆಟದ ಕೋಲಿನಂತೆ ತುದಿ ಬಾಗಿದ ಉದ್ದುದ್ದ ಗರಿಗಳ ಸಾಲು. ಹಕ್ಕಿಗಳೇ ಇಲ್ಲದ ಕಾಲದಲ್ಲಿ ಗರಿ ಎಲ್ಲಿಂದ ಬಂತು? ಗರಿಯಲ್ಲ, ಪಕ್ಕದಲ್ಲಿ ಬಿದ್ದ ಜರಿಗಿಡದ ಎಲೆ ಎನ್ನುವವರೂ ಇದ್ದಾರೆ. ಬುಡ ಬೆನ್ನಿಗೆ ಅಂಟಿದೆಯೇ ಎಂದು ನೋಡಿದರೆ ಜಗಳ ಮುಗಿಯುತ್ತದೆ. ಅಲ್ಲಿರುವ ಕಂದು ಪುಡಿಯನ್ನು ನೀವು ಕೊಳೆ ಎಂದುಕೊಂಡಿದ್ದೀರಿ. ಅದು ಚರ್ಮದ ಗುರುತು, ಹಾಲಸ್ವಾಮಿಯವರೇ.

ನಮಗೆ ಸಿಕ್ಕ ಕಲ್ಲು ಕನ್ನಡಿಯಂತೆ ಹೊಳೆಯುತ್ತದೆ. ಕೆಳಗೆ ಚೀಟಿ: ‘ಸ್ವಚ್ಛಗೊಳಿಸಿದವರು ಹಾಲಸ್ವಾಮಿ’. ಅಂದಿನ ಫೋಟೊದಲ್ಲಿ ಪ್ರಾಣಿಗಿಂತ ಮಂತ್ರಿಗಳ ಹಾರವೇ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಗುರು ದೇಮಕ್ಕನಿಗೆ ಎಂಬತ್ತೊಂದು. ನಲವತ್ತು ವರ್ಷ ಗರಿಯ ಬುಡದ ಆ ಎರಡು ಬೆರಳಗಲ ಜಾಗವನ್ನೇ ನೋಡುತ್ತ ಕೂತವರು. ಕಣ್ಣು ಮಂಜಾಗುತ್ತಿದೆ, ಈ ತಿಂಗಳು ಕಳೆದರೆ ಭೂತಗನ್ನಡಿಯೂ ಪ್ರಯೋಜನಕ್ಕೆ ಬಾರದಂತೆ. ನಿಮ್ಮನ್ನು ಚೆನ್ನಾಗಿ ಬಯ್ದು ನಾನೊಂದು ಕರಡು ಮಾಡಿದ್ದೆ. ಓದಿಸಿಕೊಂಡು ಕೇಳಿದವರೇ ಅದನ್ನು ಹರಿದು ಹಾಕಿದರು.

“ಬಯ್ಯಬೇಡವೋ. ಪಾಪ, ಮನಸ್ಸಿಟ್ಟು ಉಜ್ಜಿದ್ದಾನೆ. ಯಾರಾದರೂ ಸಾಕು ಬಿಡಪ್ಪಾ ಅಂದಿದ್ದರೆ ಬಿಡುತ್ತಿದ್ದ.”

ಆದ್ದರಿಂದ ನನ್ನ ಜನ್ಮದ ಹಾಳೆಯಲ್ಲಿ ಅಷ್ಟನ್ನೇ ಹೇಳುತ್ತಿದ್ದೇನೆ. ಸಾಕು ಬಿಡಿ. ಕೈ ತೊಳೆದು ಚಹಾ ಕುಡಿಯಿರಿ. ಇಪ್ಪತ್ತಮೂರು ಕೋಟಿ ವರ್ಷ ಕೂತ ಧೂಳಿಗೆ ಮಂತ್ರಿಗಳು ಸೀನುವುದಿಲ್ಲ. ಸೀನಿದರೂ ಒಂದೇ ಸಲ.

ಕಲ್ಲು ನಮ್ಮ ಮೇಜಿನ ಮೇಲಿದೆ, ಬಟ್ಟೆ ಹೊದಿಸಿದ್ದೇನೆ. ಕಾಗದ ಅಂಚೆಗೆ ಬಿದ್ದ ಮೇಲೆಯೇ ತೆಗೆಯುವುದು. ಬಟ್ಟೆಯ ಕೆಳಗೆ ಏನಿದೆಯೋ ನನಗೂ ತಿಳಿಯದು, ಅದು ನಿಮ್ಮ ಕೈಯಲ್ಲಿದೆ. ದೇಮಕ್ಕ ಆಗಲೇ ಸೆರಗಿನಿಂದ ಭೂತಗನ್ನಡಿ ಒರೆಸುತ್ತಿದ್ದಾರೆ.

ಇತಿ ವಿಧೇಯ,
ಬೊಮ್ಮಣ್ಣ, ಕಲ್ಲೋದುಗ