ಗಿಡ್ಡ ಕಡ್ಡಿ

ರೀ,

ನೀವು ಓದುವುದಿಲ್ಲ ಎಂದು ಗೊತ್ತಿದ್ದೇ ಬೈಯುತ್ತಿದ್ದೇನೆ. ನೀವು ಹೋದಮೇಲೆ ಇವತ್ತೇ ಮೊದಲ ಸಲ ವ್ಯಾನಿನ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಒರೆಸಿ, ಅದ್ದಿ ನೋಡಿದೆ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಮೇಲಿನ ಗೆರೆಯವರೆಗೆ ಸುರಿದೆ. ಸ್ಟಾರ್ಟ್ ಮಾಡಿ ಹೊರಟರೆ ಬೀದಿ ತುಂಬ ಹೊಗೆ!

ಮೆಕ್ಯಾನಿಕ್ ಕಡ್ಡಿ ಎಳೆದು ನಕ್ಕ. “ಅಕ್ಕಾ, ಇದು ಬೇರೆ ಗಾಡೀದು, ಗಿಡ್ಡ. ಯಜಮಾನ್ರು ಕೆಳಗಡೆ ಅರದಲ್ಲಿ ಗೀರು ಹಾಕ್ಕೊಂಡಿದ್ದಾರೆ ನೋಡಿ. ಆಯಿಲ್ ಇಲ್ಲೀವರೆಗಿದ್ರೆ ಸಾಕು. ನೀವು ಜಾಸ್ತಿ ಸುರಿದಿದ್ದಕ್ಕೇ ಹೊಗೆ.”

ನನಗೊಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾನು ಬಾನೆಟ್ ಹತ್ತಿರ ಬಂದಾಗಲೆಲ್ಲ “ನಿಂಗ್ಯಾಕೆ, ನಾನಿದ್ದೀನಲ್ಲ” ಎನ್ನುತ್ತಿದ್ದಿರಿ.

“ಬೇರೆಯವರು ನೋಡಿದ್ರೆ ಮತ್ತೆ ಇದೇ ಕಥೆ. ಸರಿಯಾದ ಕಡ್ಡಿ ಹಾಕ್ಲಾ?” ಎಂದ ಮೆಕ್ಯಾನಿಕ್.

ರೇಗಿಹೋಯಿತು. ಕಡ್ಡಿ ಕಿತ್ತುಕೊಂಡೆ.

“ಬೇಡ. ನಾನಿದ್ದೀನಲ್ಲ” ಎಂದುಬಿಟ್ಟೆ.